ಆನ್‌ಲೈನ್ ಹರಾಜಿನಲ್ಲಿ ವಿಸ್ಕಿ ಖರೀದಿ: ಬೆಲೆ, ಸುಂಕ ಮತ್ತು ಕಾನೂನು

ಹರಾಜು ಎಂಬುದು ಹನಗೋಡು ಹೋಬಳಿಯ ವರ್ತಕರಿಗೆ ಹೊಸ ವಿಷಯವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಣಕಾಸಿನ ವರ್ಷವು ನಿಜವಾಗಿ ಆರಂಭವಾಗುವುದು ಏಪ್ರಿಲ್ ಒಂದರಂದಲ್ಲ, ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ತೆರೆದ ದಿನ. 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು ಕರ್ನಾಟಕದಲ್ಲಿ 1984ರಿಂದ ಹರಾಜು ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಹಿಂದೆ ಬೇಲುಗಳ ಸಾಲಿನ ನಡುವೆ ನಡೆಯುತ್ತ ಕೂಗುತ್ತಿದ್ದ ಸವಾಲು ಈಗ ಖರೀದಿದಾರರ ಕೈಯಲ್ಲಿರುವ ಯಂತ್ರಕ್ಕೆ ವರ್ಗವಾಗಿದೆ.

ಮಕ್ಕಳು ಬ್ರಿಟನ್ನಿನಲ್ಲಿ ನೆಲೆಸಿರುವ ವರ್ತಕ ಕುಟುಂಬಗಳಲ್ಲಿ ಈಗ ಇನ್ನೊಂದು ಬಗೆಯ ಹರಾಜಿನ ಮಾತು ಕೇಳಿಬರುವುದುಂಟು. ಗ್ಲಾಸ್ಗೋ, ಪರ್ತ್, ಲಂಡನ್ ನಗರಗಳ ಸಂಸ್ಥೆಗಳು ಅಂತರಜಾಲದಲ್ಲಿ ನಡೆಸುವ ವಿಸ್ಕಿ ಹರಾಜು ಅದು. ಅಂಗಡಿಯಲ್ಲಿ ಸಿಗದ ಹಳೆಯ ಬಾಟಲಿಯೊಂದನ್ನು ಸವಾಲಿನಲ್ಲಿ ಪಡೆದು, ಮನೆಯಲ್ಲಿ ನಿಧಾನವಾಗಿ ಸವಿಯಬಹುದೇ? ಅದಕ್ಕೆ ನಿಜವಾಗಿ ತಗಲುವ ಖರ್ಚೆಷ್ಟು? ಪ್ರಶ್ನೆ ಹವ್ಯಾಸದ್ದಾದರೂ ಉತ್ತರವಿರುವುದು ಲೆಕ್ಕಪತ್ರದಲ್ಲಿ ಮತ್ತು ಕಾನೂನಿನಲ್ಲಿ.

ಸವಾಲಿನ ರೀತಿ

ಈ ಹರಾಜುಗಳು ಸಾಮಾನ್ಯವಾಗಿ ಹಲವು ದಿನ ತೆರೆದಿರುತ್ತವೆ. ಖರೀದಿದಾರನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಪ್ತವಾಗಿ ನಮೂದಿಸುತ್ತಾನೆ. ಎದುರಾಳಿಯ ಸವಾಲನ್ನು ಮೀರಲು ಬೇಕಾದಷ್ಟನ್ನು ಮಾತ್ರ ಗಣಕವು ಅವನ ಪರವಾಗಿ ಏರಿಸುತ್ತದೆ. ಹೀಗೆ ಗೆದ್ದವನು ಕೊಡುವುದು ಎರಡನೆಯವನ ಮಿತಿಗಿಂತ ಒಂದು ಮೆಟ್ಟಿಲು ಹೆಚ್ಚು ಮಾತ್ರ. ಇಂತಹ ಹರಾಜಿನಲ್ಲಿ ತನಗೆ ಆ ವಸ್ತು ಎಷ್ಟು ಬೆಲೆಯದೆಂದು ನಿಜವಾಗಿ ತೋರುವುದೋ ಅಷ್ಟನ್ನೇ ಬರೆಯುವುದು ಲಾಭಕರವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿಕೊಟ್ಟರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಮೊದಲ ದಿನ ಬರೆದ ಮಿತಿಯನ್ನು ಕೊನೆಯ ರಾತ್ರಿಯ ಆವೇಶದಲ್ಲಿ ಏರಿಸುವವನು ಈ ಅನುಕೂಲವನ್ನು ತಾನೇ ಕಳೆದುಕೊಳ್ಳುತ್ತಾನೆ. ಕೊನೆಯ ನಿಮಿಷಗಳಲ್ಲಿ ಹೊಸ ಸವಾಲು ಬಂದರೆ ಅವಧಿ ತಾನಾಗಿ ಮುಂದುವರಿಯುವ ವ್ಯವಸ್ಥೆ ಹಲವೆಡೆ ಇರುವುದರಿಂದ, ಹೊಂಚುಹಾಕಿ ಕಡೆಯ ಕ್ಷಣದಲ್ಲಿ ಗೆಲ್ಲುವ ಜಾಣತನಕ್ಕೂ ಅಲ್ಲಿ ಹೆಚ್ಚಿನ ಬೆಲೆಯಿಲ್ಲ.

ಹೊಗೆಸೊಪ್ಪಿನ ಹರಾಜಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಖರೀದಿದಾರನು ಎಲೆಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮೂಸಿ ಬೆಲೆ ಕಟ್ಟುತ್ತಾನೆ. ಇಲ್ಲಿ ಇರುವುದು ಛಾಯಾಚಿತ್ರ ಮಾತ್ರ. ಬಾಟಲಿಯ ಕತ್ತಿನಲ್ಲಿ ದ್ರವದ ಮಟ್ಟ ಎಷ್ಟಿದೆ, ಮುದ್ರೆ ಒಡೆದಿದೆಯೇ, ಚೀಟಿ ಹರಿದಿದೆಯೇ ಎಂಬುದನ್ನು ಚಿತ್ರದಿಂದಲೇ ಅರಿಯಬೇಕು. 2018ರಲ್ಲಿ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಪರಿಸರ ಸಂಶೋಧನಾ ಕೇಂದ್ರವು ಅಪರೂಪದವೆನ್ನಲಾದ 55 ಬಾಟಲಿಗಳನ್ನು ಇಂಗಾಲದ ಕಾಲನಿರ್ಣಯ ವಿಧಾನದಿಂದ ಪರೀಕ್ಷಿಸಿದಾಗ 21 ಬಾಟಲಿಗಳು ಹೇಳಿಕೊಂಡ ಕಾಲದವಲ್ಲವೆಂದು ತಿಳಿದುಬಂದಿತು. ಅದಕ್ಕೂ ಒಂದು ವರ್ಷ ಮುಂಚೆ, 2017ರಲ್ಲಿ, ಸ್ವಿಟ್ಜರ್‌ಲೆಂಡಿನ ಹೋಟೆಲೊಂದರಲ್ಲಿ 1878ರದೆಂದು ಬಡಿಸಿದ ಒಂದೇ ಗ್ಲಾಸು ವಿಸ್ಕಿಗೆ ಗ್ರಾಹಕರೊಬ್ಬರು ಸುಮಾರು ಹತ್ತು ಸಾವಿರ ಸ್ವಿಸ್ ಫ್ರಾಂಕ್ ತೆತ್ತಿದ್ದರು. ಅದು ನಕಲಿಯೆಂದು ಪರೀಕ್ಷೆಯಿಂದ ತಿಳಿದ ಮೇಲೆ ಹೋಟೆಲು ಹಣ ಹಿಂದಿರುಗಿಸಿತು. ಹರಾಜಿನಲ್ಲಿ ಅಷ್ಟು ಸುಲಭವಾಗಿ ಹಣ ಮರಳುವ ಭರವಸೆ ಇಲ್ಲ. ಸಂಸ್ಥೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಅತಿ ಹಳೆಯದು, ಅತಿ ಅಪರೂಪದ್ದು ಎಂಬುದರ ಹಿಂದೆ ಹೋಗದೆ, ಹತ್ತು ಇಪ್ಪತ್ತು ವರ್ಷದ ಹಿಂದಷ್ಟೇ ಮಾರುಕಟ್ಟೆಗೆ ಬಂದ ಬಾಟಲಿಗಳನ್ನು ಆರಿಸಿಕೊಳ್ಳುವುದು ಸಾಮಾನ್ಯ ಖರೀದಿದಾರನಿಗೆ ಕ್ಷೇಮ. ನಕಲು ಮಾಡುವವನೂ ಲಾಭ ನೋಡುವ ಉದ್ಯಮಿಯೇ. ಅಗ್ಗದ ಬಾಟಲಿಯ ಮೇಲೆ ಆತ ಶ್ರಮ ಹಾಕುವ ಸಂಭವ ಕಡಿಮೆ.

ತಲುಪುವ ಬೆಲೆ

ಸವಾಲು ನಿಂತ ಬೆಲೆಯೇ ಖರೀದಿ ಬೆಲೆಯೆಂದು ತಿಳಿಯುವುದು ಮೊದಲ ತಪ್ಪು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ಸ್ಕಾಚ್ ಬಾಟಲಿಯ ಸವಾಲು 150 ಪೌಂಡಿಗೆ ನಿಂತಿತೆನ್ನಿ. ಹರಾಜು ಸಂಸ್ಥೆಯ ಖರೀದಿ ಕಮಿಷನ್ ಶೇ. 10ರಂತೆ 15 ಪೌಂಡ್, ಕಮಿಷನ್ನಿನ ಮೇಲೆ ಬ್ರಿಟನ್ನಿನ ಶೇ. 20ರ ವ್ಯಾಟ್ 3 ಪೌಂಡ್, ಅಲ್ಲಿಯೇ ಬಂಧುಗಳ ಮನೆಗೆ ತಲುಪಿಸಲು 12 ಪೌಂಡ್ ಸೇರಿ 180 ಪೌಂಡ್ ಆಯಿತು. ಪೌಂಡಿಗೆ 115 ರೂಪಾಯಿಯಂತೆ 20,700 ರೂ. ಸವಾಲಿನ ಬೆಲೆ ಮಾತ್ರ ನೋಡಿದರೆ 17,250 ರೂ. ಇದ್ದದ್ದು ಸಾಗರ ದಾಟುವ ಮೊದಲೇ ಐದನೆಯ ಒಂದು ಭಾಗ ಏರಿತು.

ಅದೇ ಬಾಟಲಿಯನ್ನು ನೇರವಾಗಿ ಭಾರತಕ್ಕೆ ತರಿಸಿದರೆ ಲೆಕ್ಕವೇ ಬೇರೆ. ಸಾಗಣೆ ಮತ್ತು ವಿಮೆ ಸೇರಿ ಸುಂಕಕ್ಕೆ ಒಳಪಡುವ ಮೌಲ್ಯ 220 ಪೌಂಡ್, ಅಂದರೆ 25,300 ರೂ. ಎಂದುಕೊಳ್ಳೋಣ. 2021ರ ಫೆಬ್ರವರಿಯ ಆಯವ್ಯಯದಲ್ಲಿ ಮೂಲ ಆಮದು ಸುಂಕ ಶೇ. 50, ಕೃಷಿ ಮೂಲಸೌಕರ್ಯ ಉಪಕರ ಶೇ. 100 ಎಂದು ವಿಂಗಡಿಸಲಾದ ಒಟ್ಟು ಶೇ. 150ರ ದರದಲ್ಲಿ ಸುಂಕವೇ 37,950 ರೂ.; ಒಟ್ಟು 63,250 ರೂ. ಇದರ ಮೇಲೆ ರಾಜ್ಯದ ತೆರಿಗೆಗಳು ಬೇರೆ.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದವು ವಿಸ್ಕಿಯ ಸುಂಕವನ್ನು ಜಾರಿಯ ಆರಂಭದಲ್ಲಿ ಶೇ. 75ಕ್ಕೂ, ಹತ್ತು ವರ್ಷಗಳಲ್ಲಿ ಶೇ. 40ಕ್ಕೂ ಇಳಿಸುವುದೆಂದು ಗೊತ್ತುಪಡಿಸಿದೆ. ಮೇಲಿನ ಉದಾಹರಣೆಯಲ್ಲಿ ಶೇ. 75ಕ್ಕೆ ಒಟ್ಟು 44,275 ರೂ., ಶೇ. 40ಕ್ಕೆ 35,420 ರೂ. ಆಗುತ್ತದೆ. ಆದರೆ ರಿಯಾಯಿತಿ ಸಿಗುವುದು ಬ್ರಿಟನ್ನಿನಲ್ಲಿಯೇ ತಯಾರಾದ ಸರಕಿಗೆ ಮತ್ತು ಮೂಲದ ಪುರಾವೆ ಇದ್ದಾಗ ಮಾತ್ರ. ಯಾವುದೋ ಮನೆಯ ಕಪಾಟಿನಿಂದ ಹರಾಜಿಗೆ ಬಂದ ಹಳೆಯ ಬಾಟಲಿಗೆ ಅಂತಹ ಪುರಾವೆ ಒದಗಿಸುವವರು ಯಾರು ಎಂಬ ಪ್ರಶ್ನೆಯನ್ನು ಸವಾಲು ಹಾಕುವ ಮೊದಲೇ ಕೇಳಿಕೊಳ್ಳಬೇಕು.

ನಮ್ಮದೇ ನಾಡಿನ ಬಾಟಲಿಯ ವಿಚಾರದಲ್ಲಿ ಇದು ಇನ್ನೂ ವಿಚಿತ್ರ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಜಿಮ್ ಮರ್ರಿಯವರ 2010ರ ವಿಸ್ಕಿ ಕೈಪಿಡಿಯು ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟ ಮೇಲೆ ಬೇಡಿಕೆ ಬೆಳೆಯಿತು. ಈ ಸಂಸ್ಥೆಯ ‘ಗ್ರೀಡಿ ಏಂಜಲ್ಸ್’ ಬಾಟಲಿಗಳು ಇಂದು ಬ್ರಿಟನ್ನಿನ ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲೊಂದನ್ನು ಅಲ್ಲಿ ಕೊಂಡು ಮೈಸೂರು ರಸ್ತೆಯಲ್ಲೇ ಹಿಂದಕ್ಕೆ ತಂದರೂ ಅದು ಬ್ರಿಟಿಷ್ ಸರಕಲ್ಲವಾದ್ದರಿಂದ ಒಪ್ಪಂದದ ರಿಯಾಯಿತಿ ಅದಕ್ಕಿಲ್ಲ.

ಆ ಬಾಟಲಿಯ ಬೆಲೆಯ ಗುಟ್ಟು ತಯಾರಕರು ಗಮನಿಸತಕ್ಕದ್ದು. ಮರದ ಪೀಪಾಯಿಯಲ್ಲಿ ಮಾಗುವಾಗ ಆವಿಯಾಗಿ ಹೋಗುವ ಅಂಶವನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಹವೆಯಲ್ಲಿ ಶೇ. 10 ಅಥವಾ ಅದಕ್ಕೂ ಹೆಚ್ಚು. ಎಂಟು ವರ್ಷ ಇಟ್ಟರೆ ಅಲ್ಲಿ 100 ಲೀಟರಿನಲ್ಲಿ 85 ಉಳಿಯುತ್ತದೆ, ಇಲ್ಲಿ 43 ಮಾತ್ರ. ದಾಸ್ತಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋಗುವುದನ್ನು ನೋಡುತ್ತ ಬಂಡವಾಳ ಕಟ್ಟಿ ಕೂರುವುದು ಎಲ್ಲ ಉದ್ಯಮಿಗಳಿಂದಾಗುವ ಕೆಲಸವಲ್ಲ.

ಕಾನೂನಿನ ಎಲ್ಲೆ

ಎಲ್ಲ ಹರಾಜು ಸಂಸ್ಥೆಗಳೂ ಭಾರತಕ್ಕೆ ಬಾಟಲಿ ಕಳುಹಿಸುವುದಿಲ್ಲ. ಬಂಧುಗಳ ಪ್ರಯಾಣದ ಸಾಮಾನಿನಲ್ಲಿ ತರಿಸುವುದೇ ಸರಳ ಮಾರ್ಗ. ಸುಂಕವಿಲ್ಲದೆ ತರಬಹುದಾದ ಮದ್ಯ ಪ್ರಯಾಣಿಕನೊಬ್ಬನಿಗೆ 2 ಲೀಟರ್. ಬ್ರಿಟನ್ನಿನ ಬಾಟಲಿ ಸಾಮಾನ್ಯವಾಗಿ 700 ಮಿಲಿಲೀಟರಿನದು. ಎರಡು ಬಾಟಲಿಗೆ 1.4 ಲೀಟರ್, ಮೂರಾದರೆ 2.1. ನೂರು ಮಿಲಿಲೀಟರಿನಿಂದಾಗಿ ಮೂರನೆಯ ಬಾಟಲಿ ತೊಡಕಿಗೆ ಸಿಲುಕುತ್ತದೆ. ಬಾಟಲಿಯ ಬೆಲೆಯೂ ಪ್ರಯಾಣಿಕನ ಒಟ್ಟು ಸುಂಕರಹಿತ ಮಿತಿಯೊಳಗೆ ಬರಬೇಕಾದ್ದರಿಂದ ಹರಾಜಿನ ರಸೀದಿ ಜೊತೆಯಲ್ಲಿರುವುದು ಅಗತ್ಯ. ವಿಮಾನದಲ್ಲಿ ಮದ್ಯಸಾರ ಶೇ. 70ನ್ನು ಮೀರಿದ ಬಾಟಲಿಗೆ ಅವಕಾಶವಿಲ್ಲ.

ಮನೆಗೆ ಬಂದ ಮೇಲೆ ಅನ್ವಯಿಸುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965. ಪರವಾನಗಿಯಿಲ್ಲದೆ ಮನೆಯಲ್ಲಿ ಇಡಬಹುದಾದ ಪ್ರಮಾಣಕ್ಕೆ ಮಿತಿಯಿದೆ. ಸಂಗ್ರಹ ಬೆಳೆಯುವ ಮುನ್ನ ಅಬಕಾರಿ ನಿರೀಕ್ಷಕರ ಕಚೇರಿಯಲ್ಲಿ ಪ್ರಚಲಿತ ಮಿತಿಯನ್ನು ವಿಚಾರಿಸಿಕೊಳ್ಳುವುದು ಒಳಿತು. ಪರವಾನಗಿಯಿಲ್ಲದ ಮಾರಾಟ ಅಪರಾಧ. 2023ರ ನವೆಂಬರಿನಲ್ಲಿ ಲಂಡನ್ನಿನಲ್ಲಿ 1926ರ ಮೆಕಾಲನ್ ಬಾಟಲಿಯೊಂದು 21 ಲಕ್ಷ ಪೌಂಡಿಗೂ ಮಿಗಿಲಾಗಿ ಮಾರಾಟವಾದ ಸುದ್ದಿ ಓದಿ ವಿಸ್ಕಿಯನ್ನು ಹೂಡಿಕೆಯೆಂದು ಬಗೆಯುವವರು ಇದನ್ನು ಮರೆಯುತ್ತಾರೆ. ಹುಣಸೂರಿನ ಮನೆಯ ಬೀರುವಿನಲ್ಲಿರುವ ಬಾಟಲಿಗೆ ಮಾರುಕಟ್ಟೆಯಿಲ್ಲ. ಮಾರಲಾಗದ ಆಸ್ತಿಯ ಏರಿದ ಬೆಲೆ ಕಾಗದದ ಮೇಲಿನದು.

ಲೆಕ್ಕಪುಸ್ತಕದ ಬಗ್ಗೆ ಒಂದು ಮಾತು. ಇಂತಹ ಖರೀದಿಯನ್ನು ‘ಮಾರಾಟ ಪ್ರೋತ್ಸಾಹ ವೆಚ್ಚ’ವೆಂದು ಅಂಗಡಿಯ ಖಾತೆಗೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ಸ್ವಂತ ಬಳಕೆಯ ವೆಚ್ಚವನ್ನು ವ್ಯಾಪಾರದ ಆದಾಯದಿಂದ ಕಳೆಯಲಾಗದು. ಅದು ಮಾಲೀಕನ ಸ್ವಂತ ಖರ್ಚಿನ ಖಾತೆಗೇ ಹೋಗಬೇಕು. ಮಾನವ ಸೇವನೆಯ ಮದ್ಯ ಸರಕು ಮತ್ತು ಸೇವಾ ತೆರಿಗೆಯ ಹೊರಗಿರುವುದರಿಂದ ಹೂಡುವಳಿ ತೆರಿಗೆ ಜಮೆಯ ಮಾತೂ ಏಳುವುದಿಲ್ಲ.

ಬಾಟಲಿಯೊಳಗೆ ಹೋದ ವಿಸ್ಕಿ ಮುಂದೆ ಮಾಗುವುದಿಲ್ಲ. ಹನ್ನೆರಡು ವರ್ಷದ್ದನ್ನು ಹತ್ತು ವರ್ಷ ಇಟ್ಟರೂ ಅದು ಹನ್ನೆರಡರದೇ. ಬಾಟಲಿಯನ್ನು ದ್ರಾಕ್ಷಾರಸದಂತೆ ಮಲಗಿಸದೆ ನೆಟ್ಟಗೆ, ಬಿಸಿಲು ತಾಗದ ಕಡೆ ಇಡಬೇಕು. ಮಲಗಿಸಿದರೆ ತೀಕ್ಷ್ಣ ಮದ್ಯಸಾರವು ಬೆಂಡಿನ ಬಿರಡೆಯನ್ನು ಕೆಡಿಸುತ್ತದೆ. ತೆರೆದ ಬಾಟಲಿ ಅರ್ಧಕ್ಕಿಳಿದ ಮೇಲೆ ಒಳಗಿನ ಗಾಳಿಯಿಂದ ಪರಿಮಳ ಕುಂದುತ್ತದೆ. ಆಗ ಚಿಕ್ಕ ಸೀಸೆಗೆ ಬಗ್ಗಿಸಿಡುವುದುಂಟು. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ಹಾಕಿ, ಶೇ. 60ರ ಆಸುಪಾಸಿನ ಕಡು ವಿಸ್ಕಿಯಾದರೆ ನೀರನ್ನು ಹನಿಹನಿಯಾಗಿ ಬೆರೆಸುತ್ತ ಹೋದಂತೆ ಅದುವರೆಗೆ ಅಡಗಿದ್ದ ವಾಸನೆಗಳು ಮೇಲೇಳುತ್ತವೆ. ಸೋಡಾ ಬೆರೆಸುವುದಾದರೆ ಹರಾಜಿನ ಬಾಟಲಿಯ ಅಗತ್ಯವಿಲ್ಲ. ಪೇಟೆಯ ಅಂಗಡಿಯದೇ ಸಾಕು.