ಬಾವಿಯ ಮಟ್ಟ, ಮಳೆಯ ಲೆಕ್ಕ ಮತ್ತು ಸಾಕತಕ್ಕ ದನಗಳ ಸಂಖ್ಯೆ

ಹೊಳೆ ತುಂಬಿ ಹರಿಯುವುದನ್ನು ಕಂಡು, ಈ ವರ್ಷ ದನಕರುಗಳಿಗೆ ಭಯವಿಲ್ಲವೆಂದು ತೀರ್ಮಾನಿಸುವುದು ಹೊಳಲೂರಿನ ಸೀಮೆಯಲ್ಲಿ ಸಹಜವಾದರೂ ಸರಿಯಾದುದಲ್ಲ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಮುಂದಕ್ಕೆ ಹರಿಯುವ ನೀರು ಬಹುಮಟ್ಟಿಗೆ ಘಟ್ಟದ ಮಳೆಯದು. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯು ಇದೇ ಜಿಲ್ಲೆಯಲ್ಲಿರುವುದಾದರೂ, ಹೊಳಲೂರಿನ ಕಡೆಯ ಬಯಲಿಗೆ ಬೀಳುವುದು ಅದರ ಸಣ್ಣ ಪಾಲು ಮಾತ್ರ. ಗೋಮಾಳದ ಹುಲ್ಲು ಚಿಗುರುವುದು ತನ್ನ ಮೇಲೆ ಬಿದ್ದ ಮಳೆಯಿಂದಲೇ ಹೊರತು ಹೊಳೆಯ ಪ್ರವಾಹದಿಂದಲ್ಲ.

ದೇಶದಲ್ಲಿ ೧೯೦೧ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ತಿಂಗಳು ೨೦೨೩ನೆಯ ಇಸವಿಯದು. ಆ ವರ್ಷ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಇಂಥ ಕಾಲದಲ್ಲಿ ಮೇವು ಮುಗಿಯುವವರೆಗೂ ಕಾದಿದ್ದು, ಬೇಸಗೆಯಲ್ಲಿ ಎಲ್ಲರೂ ಒಮ್ಮೆಗೇ ಸಂತೆಗೆ ದನ ಹೊಡೆದರೆ, ಬೇಕೆನ್ನುವವರಿಲ್ಲದೆ ಬೆಲೆ ಕುಸಿಯುತ್ತದೆ. ಬಡಕಲಾದ ಒಳ್ಳೆಯ ಹಸುವೂ ಮುದಿ ಎತ್ತಿನ ಕ್ರಯಕ್ಕೆ ಹೋಗುತ್ತದೆ. ಹಟ್ಟಿಯ ತಳಿಯೇ ಕೈತಪ್ಪುತ್ತದೆ. ಆದಕಾರಣ, ಎಷ್ಟು ದನಗಳನ್ನು ಉಳಿಸಿಕೊಳ್ಳಬೇಕೆಂಬುದನ್ನು ನಿಶ್ಚಯಿಸತಕ್ಕ ಕಾಲವು ಚೈತ್ರವಲ್ಲ, ಕಾರ್ತಿಕ.

ಇದು ಹೊಸ ವಿಚಾರವೇನೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರಾಯಿತು. ಅದರ ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಗೆ ಎಂದು ಮೂರು ಬಗೆಯಾಗಿ ವಿಂಗಡಿಸಲಾಗಿತ್ತು. ಮೊದಲೆರಡು ಬಗೆಯವುಗಳಲ್ಲಿ ಹುಲ್ಲೂ ನೀರೂ ಆಯಾ ಕಾಲಕ್ಕೆ ಮಾತ್ರ ದೊರೆಯುತ್ತಿದ್ದವು. ಬೇಸಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳದ ಹಸುರು ಹುಲ್ಲೂ ಮರಗಳ ನೆರಳೂ ಉಳ್ಳವು. ಅವುಗಳನ್ನು ಬಹು ಕಟ್ಟುನಿಟ್ಟಾಗಿ ಕಾಯ್ದು, ಮಳೆಗಾಲದ ನಡುವಿನಿಂದ ದನಗಳನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಈಗಿನ ಗೋಮಾಳಗಳಲ್ಲಿ ಅಷ್ಟು ವಿಸ್ತಾರವಿಲ್ಲವಾದರೂ, ಒಂದು ಮೂಲೆಯನ್ನಾದರೂ ಹಾಗೆ ಮೀಸಲಿಡುವುದು ಗ್ರಾಮದ ಮುಖಂಡರಿಗೆ ಅಸಾಧ್ಯವಲ್ಲ.

ಬಾವಿಯನ್ನು ಅಳೆಯುವ ಕ್ರಮವು ಸುಲಭವಾದುದು. ಬಾವಿಯ ಕಟ್ಟೆಯ ಮೇಲೆ ಅಳಿಸಿಹೋಗದ ಗುರುತೊಂದನ್ನು ಮಾಡಿ, ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಗುಂಡು ಕಟ್ಟಿ, ಆ ಗುರುತಿನಿಂದ ನೀರಿನ ಮುಖದವರೆಗೆ ಅಳೆಯತಕ್ಕದ್ದು. ತಿಂಗಳಿಗೊಮ್ಮೆ, ಅದೇ ತಾರೀಖಿನಲ್ಲಿ, ಬೆಳಗ್ಗೆ ಪಂಪು ಹಾಕುವುದಕ್ಕೆ ಮುಂಚೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಪಂಪು ನಿಲ್ಲಿಸಿದೊಡನೆ ಅಳೆದರೆ ಆ ಅಂಕಿಯಿಂದ ಪ್ರಯೋಜನವಿಲ್ಲ. ನಾಲೆಯ ಅಥವಾ ಭತ್ತದ ಗದ್ದೆಯ ಮಗ್ಗುಲಿನ ಬಾವಿಯನ್ನು ನಂಬಲಾಗದು. ಅದು ನಾಲೆಗೆ ನೀರು ಬಿಟ್ಟಾಗ ಏರಿ, ನಿಲ್ಲಿಸಿದಾಗ ಇಳಿಯುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಅವುಗಳಲ್ಲಿ ಮಳೆಗಾಲಕ್ಕೆ ಮುಂಚಿನದೂ ನವೆಂಬರಿನದೂ ರೈತನಿಗೆ ಮುಖ್ಯವಾದವು.

ಬಾವಿಯ ನೀರು ೧೦ ಅಡಿ ಏರಿತೆಂದು ಹಿಗ್ಗುವುದಕ್ಕೆ ಮುಂಚೆ ಒಂದು ಸಂಗತಿಯನ್ನು ತಿಳಿಯಬೇಕು. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ನಿಲ್ಲುವುದು ಶಿಥಿಲವಾದ ಕಲ್ಲಿನಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ. ಅಂಥ ನೆಲದ ೧೦೦ ಪಾಲಿನಲ್ಲಿ ಹೊರಕ್ಕೆ ಬರತಕ್ಕ ನೀರು ಒಂದೂವರೆಯಿಂದ ೩ ಪಾಲಿನಷ್ಟಿರುತ್ತದೆ. ಹೀಗಾಗಿ ೧೦ ಅಡಿಯ ಏರಿಕೆಯೆಂದರೆ ನೆಲಕ್ಕೆ ನಿಜವಾಗಿ ಇಂಗಿದ್ದು ಸುಮಾರು ೪೫ರಿಂದ ೯೦ ಮಿಲಿಮೀಟರು ಮಾತ್ರ. ಬೇಗ ಏರುವ ಬಾವಿ ಬೇಗ ಇಳಿಯುವುದಕ್ಕೂ ಇದೇ ಕಾರಣ.

ಇನ್ನು ಖರ್ಚಿನ ಲೆಕ್ಕ. ಸುಮಾರು ೩೦೦ ಕಿಲೋಗ್ರಾಂ ತೂಕದ ನಾಡ ಹಸುವಿಗೆ ದಿನಕ್ಕೆ ೭ರಿಂದ ೮ ಕಿಲೋಗ್ರಾಂ ಒಣಮೇವೂ, ಸುಮಾರು ೪೦ ಲೀಟರು ನೀರೂ ಬೇಕೆಂದು ಇಟ್ಟುಕೊಳ್ಳಬಹುದು. ಕರೆಯುವ ಹಸುವಿಗೂ ಎಮ್ಮೆಗೂ ಇನ್ನೂ ಹೆಚ್ಚು. ನವೆಂಬರಿನಿಂದ ಮುಂಗಾರಿನವರೆಗೆ ೨೦೦ ದಿನಗಳೆಂದರೆ, ಒಂದು ಹಸುವಿಗೆ ಒಂದೂವರೆ ಟನ್ನು ಮೇವು, ೮೦೦೦ ಲೀಟರು ನೀರು. ಒಂದು ಎಕರೆ ಹಸುರು ಮೇವಿಗೆ ೫೦ ಮಿಲಿಮೀಟರಿನಂತೆ ಒಂದು ಸಲ ನೀರು ಹಾಯಿಸಿದರೆ ೨ ಲಕ್ಷ ಲೀಟರು ಖರ್ಚಾಗುತ್ತದೆ. ಅದು ೨೫ ಹಸುಗಳು ಆ ೨೦೦ ದಿನವೂ ಕುಡಿಯುವಷ್ಟು ನೀರು! ಬಾವಿ ಸೋತ ವರ್ಷದಲ್ಲಿ ಹಟ್ಟಿಯ ನೀರನ್ನು ಕಸಿಯುವುದು ದನಗಳ ಬಾಯಾರಿಕೆಯಲ್ಲ, ಬೇಸಗೆಯಲ್ಲಿ ಹಸುರು ಮೇವು ಬೆಳೆಯಬೇಕೆಂಬ ಆಸೆ.

ಆದುದರಿಂದ ನವೆಂಬರಿನ ಮಟ್ಟವು ಹಿಂದಿನ ವರ್ಷದ ನವೆಂಬರಿಗಿಂತ ಕೆಳಗಿದ್ದು, ಚಿತ್ತೆ ಸ್ವಾತಿ ಮಳೆಗಳೂ ಕೈಕೊಟ್ಟಿದ್ದರೆ, ಬಾವಿಯ ನೀರನ್ನು ಕುಡಿಯುವುದಕ್ಕೆ ಮೀಸಲಿಟ್ಟು, ಭತ್ತದ ಹುಲ್ಲನ್ನೂ ಮೆಕ್ಕೆಜೋಳದ ದಂಟನ್ನೂ ಸುಗ್ಗಿಯಲ್ಲಿಯೇ ಬಣವೆ ಹಾಕಿಕೊಳ್ಳತಕ್ಕದ್ದು. ದಂಟನ್ನು ಹೊಲದಲ್ಲಿ ಸುಡುವುದಂತೂ ಕೂಡದು. ಬಣವೆಯನ್ನು ಒಂದೂವರೆ ಟನ್ನಿನಂತೆ ಭಾಗಿಸಿದರೆ ಸಾಕಬಹುದಾದ ಹಸುಗಳ ಸಂಖ್ಯೆ ತಾನೇ ಹೊರಬೀಳುತ್ತದೆ. ಹೆಚ್ಚಾದವುಗಳಲ್ಲಿ ಗೊಡ್ಡುಗಳನ್ನೂ ಹೋರಿಗರುಗಳನ್ನೂ ಮೈ ತುಂಬಿಕೊಂಡಿರುವಾಗಲೇ ಕಳುಹಿಸಬೇಕು. ಗಬ್ಬದ ಹಸುಗಳನ್ನೂ ಉಳುವ ಜೋಡಿಯನ್ನೂ ಕಡೆಯವರೆಗೂ ಬಿಡಬಾರದು.

ಮಳೆಯ ಅಂಕಿಗಳಿಗಾಗಿ ದೂರ ಹೋಗಬೇಕಾದುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿದ್ದಾರೆ. ಹವಾಮಾನ ಇಲಾಖೆಯ ಕೃಷಿ ಸಲಹಾಪತ್ರವು ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಆದರೆ ಈ ಸಲಹಾಪತ್ರದ ಮುನ್ಸೂಚನೆಯು ಕೆಲವು ದಿನಗಳ ಮಟ್ಟಿಗೆ ಮಾತ್ರ. ಹುಲ್ಲು ಕೊಯ್ದು ಒಣಗಿಸಲು ಅದನ್ನು ನೋಡಬೇಕು. ದನಗಳ ಸಂಖ್ಯೆಗೆ ಬಾವಿಯ ಪುಸ್ತಕವನ್ನೇ ನೋಡಬೇಕು. ಮುಂಗಾರಿನ ಮೊದಲ ಮಳೆಗೆ ದನಗಳನ್ನು ಗೋಮಾಳಕ್ಕೆ ನುಗ್ಗಿಸದೆ, ಹುಲ್ಲು ಗೇಣುದ್ದ ಬೆಳೆಯುವವರೆಗೆ ಬಣವೆಯಲ್ಲಿ ಉಳಿದುದನ್ನೇ ಹಾಕತಕ್ಕದ್ದು.