ಜರ್ಮನ್ ಕಲಿಯಲು ಇಂಗ್ಲಿಷಿನ ಸುತ್ತುದಾರಿ ಬೇಡ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನರ್ಸಿಂಗ್ ಮುಗಿಸಿದವರಿಗೆ ಇಂದು ಜರ್ಮನಿಯ ಆಸ್ಪತ್ರೆಗಳಲ್ಲಿ ಕೆಲಸದ ಅವಕಾಶವಿದೆ. ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1, ಎ2, ಬಿ1 ಅದರ ಮೊದಲಿನ ಮೆಟ್ಟಿಲುಗಳು. ಇಂಥವರಿಗೆ ಸಿಗುವ ಮೊದಲ ಸಲಹೆ, ‘ಮೊದಲು ಇಂಗ್ಲಿಷ್ ಸರಿಮಾಡಿಕೊ, ಆಮೇಲೆ ಜರ್ಮನ್’ ಎಂಬುದು. ಈ ಸಲಹೆ ತಪ್ಪು. ಎಷ್ಟೋ ಮಕ್ಕಳು ಶುರು ಮಾಡುವ ಮೊದಲೇ ಕೈಬಿಡಲು ಇದೇ ಕಾರಣವಾಗಬಹುದು. ಜರ್ಮನ್ ವಾಕ್ಯದ ಹಲವು ಕಡೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರದ ದಾರಿ.

ರೋಗಿಯೊಬ್ಬ ‘ಮಿಯರ್ ಇಸ್ಟ್ ಕಾಲ್ಟ್’ ಎಂದರೆ ಅದು ‘ನನಗ ಥಂಡಿ ಆಗಾಕತ್ತೈತಿ’ ಎಂಬುದರ ಅಚ್ಚು. ‘ಮಿಯರ್’ ಎಂದರೆ ‘ನನಗೆ’. ‘ಮಿಯರ್ ಟೂಟ್ ದೇರ್ ಕೋಪ್ಫ್ ವೇ’ ಎಂದರೆ ‘ನನಗೆ ತಲೆ ನೋಯುತ್ತಿದೆ’. ಇಂಗ್ಲಿಷಿನಲ್ಲಿ ಈ ಎರಡೂ ಕಡೆ ‘ನಾನು’ ಬಂದು ಕೂರುತ್ತದೆ. ಕನ್ನಡದಲ್ಲೂ ಜರ್ಮನ್‌ನಲ್ಲೂ ಚತುರ್ಥಿ ವಿಭಕ್ತಿ. ಕಾರಣ ಹೇಳುವ ವಾಕ್ಯವೂ ಹಾಗೆಯೇ: ‘ವೈಲ್ ಇಶ್ ಫೀಬರ್ ಹಾಬೆ’ (ನನಗೆ ಜ್ವರ ಇರುವುದರಿಂದ) ಎಂಬಲ್ಲಿ ಮೊದಲು ಜ್ವರ, ಕೊನೆಗೆ ಕ್ರಿಯಾಪದ. ವಿಭಕ್ತಿ ಪ್ರತ್ಯಯಗಳನ್ನು ಪ್ರೌಢಶಾಲೆಯಲ್ಲಿ ಕಲಿತವರಿಗೆ ಈ ಚತುರ್ಥಿ ಹೊಸದಲ್ಲ. ಆದ್ದರಿಂದ ಮೊದಲ ದಿನವೇ ಒಂದು ನೋಟ್‌ಬುಕ್ ಇಡಿ. ಎಡಗಡೆ ಜರ್ಮನ್ ವಾಕ್ಯ, ಬಲಗಡೆ ಮನೆಯಲ್ಲಿ ಆಡುವ ಕನ್ನಡ. ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ‘ಬೆಟ್’ ಎಂದರೆ ಹಾಸಿಗೆ, ‘ಬೇಟ್’ ಎಂದರೆ ಹೂವಿನ ಪಾತಿ. ಈ ಹ್ರಸ್ವ ದೀರ್ಘಗಳ ಅಂತರ ನಮ್ಮ ಲಿಪಿಯಲ್ಲಿ ಕಣ್ಣಿಗೇ ಕಾಣುತ್ತದೆ.

ಮಾತೃಭಾಷೆಯ ಮೂಲಕ ಕಲಿತರೆ ಅನುವಾದದ ಚಟ ಅಂಟಿಕೊಂಡು ಮಾತು ತಡವರಿಸುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವೂ ಇದೆ. ಆದರೆ ಇಂಗ್ಲಿಷ್ ಪುಸ್ತಕದಿಂದ ಕಲಿಯುವ ನಮ್ಮ ವಿದ್ಯಾರ್ಥಿ ಎರಡು ಸಲ ಅನುವಾದ ಮಾಡುತ್ತಾನೆ: ಜರ್ಮನ್‌ನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ. ಕನ್ನಡದ ಆಸರೆ ಅರ್ಥ ತಿಳಿಯುವವರೆಗೆ ಸಾಕು. ಆಮೇಲೆ ಬಲಗಡೆಯ ಸಾಲನ್ನು ಕೈಯಿಂದ ಮುಚ್ಚಿ, ಜರ್ಮನ್ ವಾಕ್ಯ ತಾನಾಗಿ ಬಾಯಿಗೆ ಬರುವವರೆಗೆ ಗಟ್ಟಿಯಾಗಿ ಹೇಳಬೇಕು. ಕನ್ನಡ ನೆರವಾಗದ ಕಡೆಯೂ ಇದೆ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಜರ್ಮನ್‌ನಲ್ಲಿ ಬ್ಯಾಂಡೇಜು ಪುಲ್ಲಿಂಗ, ಸಿರಿಂಜು ಸ್ತ್ರೀಲಿಂಗ, ಜ್ವರ ನಪುಂಸಕ. ಇಲ್ಲಿ ತರ್ಕ ನಡೆಯದು. ಪ್ರತಿ ನಾಮಪದವನ್ನೂ ಅದರ ಲಿಂಗ ತೋರುವ ದೇರ್, ದೀ ಅಥವಾ ದಾಸ್ ಸೇರಿಸಿಯೇ ಬಾಯಿಪಾಠ ಮಾಡಬೇಕು.

ಪರೀಕ್ಷೆಯ ಕಷ್ಟ ಬೇರೆಯೇ. ಬಿ2ಕ್ಕೆ ಮೊದಲಿನ ಮೆಟ್ಟಿಲನ್ನೇ ನೋಡಿ: ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದಕ್ಕೂ 100 ಅಂಕ, ಪ್ರತಿಯೊಂದರಲ್ಲೂ 60 ಬರಬೇಕು. ಓದಿನಲ್ಲಿ 90 ತೆಗೆದರೂ ಆಲಿಸುವಿಕೆಯ 50ನ್ನು ಅದು ತುಂಬಿಕೊಡದು. ನಮ್ಮ ಶಾಲೆಗಳಲ್ಲಿ ಭಾಷೆ ಎಂದರೆ ಓದಿ ಬರೆಯುವುದು. ಆದರೆ ಇಲ್ಲಿ ಅರ್ಧ ಪರೀಕ್ಷೆ ನಡೆಯುವುದು ಕಿವಿ ಮತ್ತು ಬಾಯಿಯಲ್ಲಿ. ಸುಮಾರು 40 ನಿಮಿಷದ ಆಲಿಸುವಿಕೆಯಲ್ಲಿ ನಾಲ್ಕು ಭಾಗಗಳಿದ್ದು, ಎರಡನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಹಾಗಾಗಿ ದಿನದ ಅಭ್ಯಾಸದಲ್ಲಿ ಅರ್ಧ ಹೊತ್ತು ಕೇಳುವುದಕ್ಕೂ ಮಾತಾಡುವುದಕ್ಕೂ ಮೀಸಲಿರಲಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ‘ನಿಕೋಸ್ ವೇಗ್’ ವಿಡಿಯೊ ಪಾಠಗಳು ಎ1ರಿಂದ ಬಿ1ರವರೆಗೆ ಉಚಿತವಾಗಿ ಸಿಗುತ್ತವೆ. ಒಂದು ಕಂತನ್ನು ಮೊದಲು ಅಕ್ಷರ ನೋಡದೆ ಕೇಳಿ, ಆಮೇಲೆ ಪಠ್ಯದೊಂದಿಗೆ ಕೇಳಿ, ಕೊನೆಗೆ ಜೊತೆಜೊತೆಗೇ ಹೇಳಿ.

ಹಳ್ಳಿಯಲ್ಲಿ ಜರ್ಮನ್ ಮಾತಾಡಲು ಯಾರಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿ1ರ ಮಾತಿನ ಪರೀಕ್ಷೆ ಸಾಮಾನ್ಯವಾಗಿ ಇಬ್ಬರ ಜೋಡಿಯಲ್ಲಿ ನಡೆಯುತ್ತದೆ: ಇಬ್ಬರೂ ಕೂಡಿ ಒಂದು ಯೋಜನೆ ಹಾಕಬೇಕು, ಪ್ರತಿಯೊಬ್ಬರೂ ಒಂದು ವಿಷಯ ಮಂಡಿಸಬೇಕು, ಜೊತೆಗಾರನಿಗೆ ಪ್ರಶ್ನೆ ಕೇಳಬೇಕು. ಎದುರಿಗೆ ಇರುವವನೂ ಕಲಿಯುವವನೇ. ಆದ್ದರಿಂದ ಜರ್ಮನ್ನರೇ ಬೇಕೆಂದಿಲ್ಲ. ನರ್ಸಿಂಗ್ ಕಾಲೇಜಿನ ಒಬ್ಬ ಗೆಳತಿ, ದಿನಕ್ಕೆ ಇಪ್ಪತ್ತು ನಿಮಿಷದ ಫೋನ್ ಮಾತು ಇಷ್ಟಿದ್ದರೆ ನಡೆಯುತ್ತದೆ. ತಪ್ಪು ತಿದ್ದಲು ಮಾತ್ರ ವಾರಕ್ಕೊಮ್ಮೆಯಾದರೂ ಶಿಕ್ಷಕರು ಬೇಕು, ಆನ್‌ಲೈನ್ ಆದರೂ ಸರಿ.

‘ಮೂರೇ ತಿಂಗಳಲ್ಲಿ ಬಿ1’ ಎಂಬ ಜಾಹೀರಾತು ನೋಡಿ ಶುಲ್ಕ ಕಟ್ಟಬೇಡಿ. ಬಿ1 ಮುಟ್ಟಲು 45 ನಿಮಿಷದ 350ರಿಂದ 650 ಪಾಠಗಳು ಬೇಕೆಂದು ಗೋಥೆ ಸಂಸ್ಥೆಯೇ ಅಂದಾಜಿಸುತ್ತದೆ. ದಿನಕ್ಕೆ ಎರಡು ಪಾಠ ಎಂದು ಹಿಡಿದರೂ ಆರರಿಂದ ಹನ್ನೊಂದು ತಿಂಗಳು. ಪರೀಕ್ಷೆಯ ತಾರೀಖು ಹಿಡಿಯುವ ಮೊದಲು ಸಂಸ್ಥೆಯ ಜಾಲತಾಣದ ಮಾದರಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ನಾಲ್ಕೂ ಭಾಗಗಳಲ್ಲಿ 70 ದಾಟಿದ ಮೇಲೆ ಪರೀಕ್ಷೆಗೆಂದು ಬೆಂಗಳೂರಿನ ಬಸ್ಸು ಹತ್ತಿ. ಒಂದು ಭಾಗದಲ್ಲಿ ನಪಾಸಾದರೂ ಎಲ್ಲವನ್ನೂ ಮತ್ತೆ ಬರೆಯಬೇಕಿಲ್ಲ. ಬಿ1 ಮತ್ತು ಬಿ2ರಲ್ಲಿ ಆ ಭಾಗವನ್ನಷ್ಟೇ ಮತ್ತೆ ಬರೆಯಲು ಅವಕಾಶವಿದೆ. ಶುಲ್ಕವೂ ಆ ಭಾಗದ್ದು ಮಾತ್ರ.