ಕುರಿಗಳ ಹಿರೇಬೇನೆಯೂ ಔಷಧಗಳ ಪರೀಕ್ಷಾಕ್ರಮವೂ

ತಳಕಲ್, ಕುಕನೂರು, ಯಲಬುರ್ಗಾ ಕಡೆಯ ಹೊಲಗಳಲ್ಲಿ ಸುಗ್ಗಿ ತೀರಿದ ಬಳಿಕ ಕುರಿಗಳನ್ನು ತರುಬಿಸುವ ರೂಢಿಯುಂಟು. ಹಿಕ್ಕೆಯಿಂದಲೂ ಗಂಜಳದಿಂದಲೂ ಭೂಮಿಗೆ ಸಾರ ದೊರೆಯುವುದು. ಕುರಿಗಾರನಿಗೆ ಕಾಳೋ ಹಣವೋ ಸಲ್ಲುವುದು. ಆದುದರಿಂದ ಹಿಂಡಿಗೆ ಬೇನೆ ತಗಲಿದರೆ ನಷ್ಟವು ಕುರಿಗಾರನೊಬ್ಬನದೇ ಅಲ್ಲ, ಹೊಲದ ಒಡೆಯನದೂ ಹೌದು. ಇಂಥ ಸಮಯದಲ್ಲಿ ಸೀಸೆ ಹಿಡಿದು ಬಂದವರೆಲ್ಲರೂ ವೈದ್ಯರೆನಿಸುವರು. ಯಾವ ಔಷಧವು ನಂಬತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಊರಿನ ಹಿರಿಯರು ಅರಿತಿರುವುದು ಅವಶ್ಯ.

ಮೊದಲು ಕೇಳತಕ್ಕ ಪ್ರಶ್ನೆ

ಹತ್ತು ಕುರಿಗಳು ಬೇನೆ ಬಿದ್ದು, ಕಷಾಯ ಕುಡಿಸಿದ ಮೇಲೆ ಆರು ಉಳಿದುವೆಂದು ಎಣಿಸಿರಿ. ಕಷಾಯವೇ ಉಳಿಸಿತೆಂದು ಜನರು ಹೇಳುವರು. ಆದರೆ ಕುಡಿಸದೆ ಬಿಟ್ಟಿದ್ದರೂ ಆ ಆರು ಉಳಿಯುತ್ತಿದ್ದುವೋ ಏನೋ? ಔಷಧ ಕೊಟ್ಟವುಗಳನ್ನೂ ಕೊಡದವುಗಳನ್ನೂ ಒಂದೇ ಸ್ಥಿತಿಯಲ್ಲಿಟ್ಟು ಹೋಲಿಸಿ ನೋಡಿದ ಹೊರತು ಇದಕ್ಕೆ ಉತ್ತರವಿಲ್ಲ. ಔಷಧಶಾಸ್ತ್ರದ ಪರೀಕ್ಷೆಗಳೆಲ್ಲವೂ ಈ ಹೋಲಿಕೆಯ ಮೇಲೆಯೇ ನಿಂತಿವೆ.

ಹಿರೇಬೇನೆಯ ಪರಿಚಯ

ಪಿ.ಪಿ.ಆರ್. ಎಂದು ವೈದ್ಯರು ಕರೆಯುವ ಹಿರೇಬೇನೆಯು ಕುರಿ ಮೇಕೆಗಳಿಗೆ ಬರುವ ವೈರಾಣುರೋಗ. ತೀವ್ರ ಜ್ವರ, ಕಣ್ಣು ಮೂಗುಗಳಿಂದ ಸುರಿತ, ಬಾಯಿಹುಣ್ಣು, ದುರ್ವಾಸನೆಯ ಭೇದಿ, ಏದುಸಿರು ಇದರ ಲಕ್ಷಣಗಳು. ೧೯೪೨ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ನಮ್ಮ ದೇಶದಲ್ಲಿ ೧೯೮೭ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕಂಡುಬಂದಿತು. ದನಗಳ ದೊಡ್ಡರೋಗದ ವೈರಾಣುವಿಗೆ ಇದು ಹತ್ತಿರದ ಬಂಧುವಾದುದರಿಂದ, ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭವಾಗಿದ್ದಿತು. ಬೇನೆ ಬಿದ್ದ ಮೇಲೆ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಕೊಡುವ ಚುಚ್ಚುಮದ್ದುಗಳು ಜೊತೆಗೆ ಸೇರಿಕೊಳ್ಳುವ ಇತರ ಸೋಂಕುಗಳನ್ನು ಮಾತ್ರ ತಡೆಯುವುವು. ಆದುದರಿಂದ ಮುಂಚಿತವಾಗಿ ಹಾಕಿಸುವ ಲಸಿಕೆಯೇ ಗತಿ.

ಲಸಿಕೆಯ ಶೋಧನೆ

ಮೊದಮೊದಲು ದೊಡ್ಡರೋಗದ ಲಸಿಕೆಯನ್ನೇ ಕುರಿ ಮೇಕೆಗಳಿಗೂ ಹಾಕಿ ಹಿರೇಬೇನೆಯನ್ನು ತಡೆಯುತ್ತಿದ್ದರು. ಆದರೆ ದೊಡ್ಡರೋಗವು ನಿರ್ಮೂಲವಾಗುತ್ತ ಬಂದಂತೆ, ಅದು ಎಲ್ಲಿಯಾದರೂ ಉಳಿದಿದೆಯೋ ಎಂದು ರಕ್ತಪರೀಕ್ಷೆಯಿಂದ ತಿಳಿಯುವುದಕ್ಕಾಗಿ ಆ ಲಸಿಕೆಯನ್ನು ನಿಲ್ಲಿಸಬೇಕಾಯಿತು. ಹೀಗೆ ಹಿರೇಬೇನೆಗೆ ಸ್ವಂತದ ಲಸಿಕೆಯು ಬೇಕಾಯಿತು.

ಆ ಕೆಲಸವು ಕುಮಾಯೂಂ ಪರ್ವತಗಳ ಮುಕ್ತೇಶ್ವರದಲ್ಲಿ ನಡೆಯಿತು. ೧೯೨೦ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ದೊಡ್ಡರೋಗದ ವೈರಾಣುವನ್ನು ಒಂದು ಮೇಕೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ದಾಟಿಸಿ, ದನಗಳಲ್ಲಿ ಅದರ ಬಲವನ್ನು ಕುಗ್ಗಿಸಿದ್ದುದು ಅಲ್ಲಿಯೇ. ಹಿರೇಬೇನೆಗೂ ಅದೇ ಉಪಾಯವನ್ನು ಬೇರೆ ಬಗೆಯಲ್ಲಿ ಪ್ರಯೋಗಿಸಲಾಯಿತು. ಹಿಮಾಚಲ ಪ್ರದೇಶದ ಸುಂಗ್ರಿಯ ಮೇಕೆಗಳಿಂದ ಪಡೆದ ವೈರಾಣುವನ್ನು ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಸುಮಾರು ೬೦ ಸಲ ದಾಟಿಸಿದರು. ರೋಗ ಹುಟ್ಟಿಸುವ ಶಕ್ತಿಯು ಅಳಿಯಿತು. ರಕ್ಷಣೆ ಕೊಡುವ ಗುಣವು ಉಳಿಯಿತು. ಸುಂಗ್ರಿ ೯೬ ಎಂಬ ಲಸಿಕೆಯು ಹೀಗೆ ಹುಟ್ಟಿತು.

ಪರೀಕ್ಷೆಯ ಹಂತಗಳು

ಪಾತ್ರೆಯಲ್ಲಿ ಗುಣ ತೋರಿದ ಮಾತ್ರಕ್ಕೆ ಲಸಿಕೆಯು ಹಟ್ಟಿಗೆ ಬರುವಂತಿಲ್ಲ. ಮೊದಲು ಅದರಲ್ಲಿ ಬೇರೆ ರೋಗಾಣುಗಳಿಲ್ಲವೆಂದು ನೋಡುವರು. ಬಳಿಕ ಕೆಲವು ಪ್ರಾಣಿಗಳಿಗೆ ನಿಯತ ಪ್ರಮಾಣಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕೊಟ್ಟು, ಜ್ವರ ಬರುವುದೋ, ಜೊತೆಗಿರುವ ಪ್ರಾಣಿಗಳಿಗೆ ಅಂಟುವುದೋ ಎಂದು ಕಾಯುವರು. ಕಡೆಗೆ ಲಸಿಕೆ ಹಾಕಿದವುಗಳಿಗೂ ಹಾಕದವುಗಳಿಗೂ ನಿಜವಾದ ರೋಗಾಣುವನ್ನೇ ಕೊಡುವರು. ಹಾಕಿದವು ಆರೋಗ್ಯವಾಗಿದ್ದು, ಹಾಕದವು ಬೇನೆ ಬಿದ್ದರೆ ಮಾತ್ರ ಲಸಿಕೆಯು ಗೆದ್ದಿತು. ಆ ಕೆಲವು ಮೂಕಪ್ರಾಣಿಗಳು ಪಟ್ಟ ಯಾತನೆಯೇ ಸಾವಿರಾರು ಹಿಂಡುಗಳ ರಕ್ಷಣೆಗೆ ತೆತ್ತ ಬೆಲೆ. ಈ ಲಸಿಕೆಯಾದರೋ ಒಂದೇ ಸಲ ಹಾಕಿಸಿದರೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದೆ ಕಾಯುವುದು.

ಮನುಷ್ಯರ ಔಷಧಗಳಿಗೆ ನಿಯಮವು ಇನ್ನೂ ಬಿಗಿ. ಪ್ರಾಣಿಗಳಲ್ಲಿ ಪರೀಕ್ಷಿಸಿದ ಬಳಿಕ ಮೊದಲು ಕೆಲವೇ ಜನರಲ್ಲಿ, ಆಮೇಲೆ ನೂರಾರು, ಕೊನೆಗೆ ಸಾವಿರಾರು ಜನರಲ್ಲಿ ಪರೀಕ್ಷಿಸುವರು. ಪ್ರತಿಯೊಬ್ಬರಿಗೂ ಅಪಾಯವನ್ನು ತಿಳಿಸಿ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಸರಕಾರದ ಅನುಮತಿ

ಅನುಮತಿಯು ಏಕೆ ಬೇಕೆಂಬುದಕ್ಕೆ ೧೯೩೭ರಲ್ಲಿ ಅಮೆರಿಕದಲ್ಲಿ ನಡೆದ ಅನಾಹುತವೇ ಸಾಕ್ಷಿ. ಒಳ್ಳೆಯ ಔಷಧವೊಂದನ್ನು ವಿಷದ್ರವದಲ್ಲಿ ಕರಗಿಸಿ ಮಾರಿದರು. ರುಚಿ, ಬಣ್ಣ, ವಾಸನೆಗಳನ್ನು ಮಾತ್ರ ನೋಡಿದ್ದರು. ವಿಷವೋ ಎಂದು ನೋಡಿರಲಿಲ್ಲ. ನೂರಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಮಕ್ಕಳು ಅನೇಕರು. ಮರುವರ್ಷವೇ ಆ ದೇಶದಲ್ಲಿ ಬಿಗಿಯಾದ ಕಾಯಿದೆಯಾಯಿತು. ನಮ್ಮ ದೇಶದಲ್ಲಿ ೧೯೪೦ರಲ್ಲಿ ಔಷಧಗಳ ಕಾಯಿದೆಯು ಬಂದಿತು. ಪಶುಗಳ ಲಸಿಕೆಗಳೂ ಅದಕ್ಕೆ ಒಳಪಟ್ಟಿವೆ. ದೊಡ್ಡರೋಗದ ನಿವಾರಣೆಗಾಗಿ ೧೯೨೫ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯೂ ಪಶುಗಳ ಲಸಿಕೆಗಳನ್ನು ಈ ಕಟ್ಟಳೆಗೆ ಒಳಪಟ್ಟೇ ತಯಾರಿಸುವುದು.

ಅನುಮತಿ ದೊರೆತ ಮೇಲೂ ಪರೀಕ್ಷೆಯು ಮುಗಿಯದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮದ್ದು ದನಕ್ಕೆ ಹಿತವಾಗಿದ್ದಿತು; ಆದರೆ ಅಂಥ ದನ ಸತ್ತು, ಆ ಹೆಣವನ್ನು ತಿಂದ ರಣಹದ್ದುಗಳು ಸತ್ತುವು. ಈ ಕಾರಣವು ತಿಳಿದುದು ೨೦೦೪ರಲ್ಲಿ. ೨೦೦೬ರಲ್ಲಿ ಪಶುಗಳಿಗೆ ಆ ಮದ್ದನ್ನು ನಿಷೇಧಿಸಲಾಯಿತು.

ಗೌಡರೂ ಹಿಡುವಳಿದಾರರೂ ಮಾಡತಕ್ಕದ್ದು

೧. ಮುದ್ರೆಯಿಲ್ಲದ, ತಯಾರಿಕೆಯ ತಂಡದ ಸಂಖ್ಯೆಯಾಗಲಿ ಮುಗಿಯುವ ತಾರೀಖಾಗಲಿ ಕಾಣದ ಔಷಧವನ್ನು ಊರಿನಲ್ಲಿ ಮಾರಗೊಡಬಾರದು.

೨. ಲಸಿಕೆಯು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೇ ಬರತಕ್ಕದ್ದು. ಬಿಸಿಲಿಗೆ ಸಿಕ್ಕಿದ ಲಸಿಕೆಯು ಬರಿಯ ನೀರಿಗೆ ಸಮಾನ. ಕಲಸಿದ ಮೇಲೆ ತಡಮಾಡದೆ ಹಾಕಿಸಬೇಕು.

೩. ಬೇನೆಯ ಸುದ್ದಿ ಕೇಳುವ ಮುಂಚೆಯೇ ಇಡೀ ಹಿಂಡಿಗೆ ಹಾಕಿಸಬೇಕು. ಹೊರಗಿನಿಂದ ಬಂದ ಹಿಂಡನ್ನು ತರುಬಿಸುವ ಮೊದಲು ಲಸಿಕೆಯಾಗಿದೆಯೇ ಎಂದು ಕೇಳತಕ್ಕದ್ದು.

೪. ಯಾರ ಹಿಂಡಿಗೆ ಯಾವ ದಿನ ಹಾಕಿತು, ಆಮೇಲೆ ಎಷ್ಟು ಬೇನೆ ಬಿದ್ದುವು, ಎಷ್ಟು ಸತ್ತುವು ಎಂಬುದನ್ನು ಬರೆದಿಟ್ಟು ಪಶುವೈದ್ಯರಿಗೆ ತಿಳಿಸಬೇಕು.

ಈ ನಾಲ್ಕನೆಯದು ಅಲ್ಪವೆಂದು ತೋರಬಹುದು. ಆದರೆ ಹೋಲಿಕೆಗೆ ಬೇಕಾದುದು ಇಂಥ ಲೆಕ್ಕವೇ. ದೊಡ್ಡರೋಗವು ಜಗತ್ತಿನಿಂದಲೇ ಅಳಿಯಿತೆಂದು ೨೦೧೧ರಲ್ಲಿ ಸಾರುವಂತಾದುದು ಲಸಿಕೆಯಿಂದಲೂ, ಹಳ್ಳಿಹಳ್ಳಿಗಳಿಂದ ಬಂದ ನಿಜವಾದ ವರದಿಗಳಿಂದಲೂ ಆಗಿದೆ. ಹಿರೇಬೇನೆಯನ್ನು ೨೦೩೦ರೊಳಗೆ ಅಳಿಸಬೇಕೆಂಬುದು ಜಗತ್ತಿನ ಸಂಕಲ್ಪ. ತಳಕಲ್ ಸೀಮೆಯ ಹಟ್ಟಿಯ ಲೆಕ್ಕವೂ ಅದರಲ್ಲಿ ಸೇರತಕ್ಕದ್ದು.